ಲಗ್ಗಾವ ಕೊಟ್ಟ ನೀರು

"ಇದನ್ನು ಮಾಡಲೇಬೇಕು" ಎಂದು ಯಾರಾದರೂ ಲಗ್ಗಾವಳಿಗೆ ಹೇಳಿದರೆ ಆ ಕೆಲಸ ಅಲ್ಲಿಗೇ ಕೆಟ್ಟಿತು. ಹನ್ನೆರಡು ವರ್ಷದವಳಾಗಿದ್ದಾಗ, ಎಳವೆಯಲ್ಲೇ ಗೊತ್ತು ಮಾಡಿದ್ದ ಗಂಡಿನ ಮನೆಯವರು ಹಂದಿ ಹೊಡೆದುಕೊಂಡು, ಮಣಿಸರ ಹಿಡಿದುಕೊಂಡು ಬಂದರು. ಇವಳು ಸರವನ್ನು ಹುಡುಗನ ತಾಯಿಯ ಕೊರಳಿಗೇ ಹಾಕಿ, "ನಿಮಗೇ ಒಪ್ಪುತ್ತೆ ಅತ್ತೆ, ಇಟ್ಕೊಳ್ಳಿ" ಎಂದು ಗದ್ದೆಗೆ ಓಡಿದಳು. ಯುದ್ಧದ ಕಾಲದಲ್ಲಿ ಜಪಾನಿನ ಸಿಪಾಯಿಗಳು ಊರಿಗೆ ನುಗ್ಗಿದಾಗ ಭತ್ತವನ್ನೆಲ್ಲ ಹಂದಿಗೂಡಿನ ಕೆಳಗೆ ಹೂತು, ಅವರ ಮುಂದೆ ಹೊಟ್ಟೆ ಹಿಡಿದುಕೊಂಡು ಅತ್ತು, ಅವರದೇ ಬಿಸ್ಕತ್ತು ತಿಂದು ಕಳಿಸಿದವಳು. ತನಗೆ ಬೇಕಾದವನನ್ನೇ ಕಟ್ಟಿಕೊಂಡಳು, ಅವನು ಜ್ವರದಲ್ಲಿ ಹೋದ ಮೇಲೆ ಮೆಟ್ಟಿಲು ಗದ್ದೆಗಳ ಕಲ್ಲುಕಟ್ಟೆಯನ್ನು ತಾನೇ ಹೊತ್ತು ಕಟ್ಟಿದಳು.

ಇಂಥವಳು ಬದುಕಿನಲ್ಲಿ ಚಕಾರವೆತ್ತದೆ ನಡೆಸಿಕೊಂಡು ಬಂದ ಕಟ್ಟಳೆ ಒಂದೇ. ಮನೆಯ ನೀರು ಕುಡಿದವನು ತನ್ನವರನ್ನು ಸೇರುವ ತನಕ ಆ ಮನೆಯ ಹೊಣೆ. ಅವನಿಗೆ ಗೀರು ಬಿದ್ದರೂ ನೀರು ಕೊಟ್ಟವರ ಮಾನ ಹೋದಂತೆ. ಮನಿಲಾಕ್ಕೆ ಬಹುದೂರ ಉತ್ತರದ ಈ ಕಾಲಿಂಗಾ ಬೆಟ್ಟಗಳಲ್ಲಿ ಊರಿಗೂ ಊರಿಗೂ ನಡುವೆ ರಕ್ತ ಹರಿಯದೆ ಉಳಿದದ್ದಿದ್ದರೆ ಇಂಥ ಕಟ್ಟಳೆಗಳಿಂದಲೇ. ಅದಕ್ಕೇ ಅಪರಿಚಿತ ಬಂದರೆ ಮೊದಲು "ಯಾರ ಮಗ, ಯಾವ ಊರು" ಎಂದು ಕೇಳುತ್ತಾರೆ, ಆಮೇಲೆ ನೀರು ಕೊಡುತ್ತಾರೆ. ಲಗ್ಗಾವ ತನ್ನ ಐವತ್ತನೆಯ ವಯಸ್ಸಿನಲ್ಲಿ, ಒಂದು ಬೇಸಿಗೆಯ ನಡುಹಗಲು, ಈ ಕೇಳಿ ಕೊಡುವ ಕ್ರಮವನ್ನು ತಿರುವುಮುರುವು ಮಾಡಿಬಿಟ್ಟಳು.

ಅದು ರಾಜಧಾನಿ ಮನಿಲಾದಲ್ಲಿ ಕೂತ ಸರ್ಕಾರದವರು ಚಿಕೊ ನದಿಗೆ ಅಣೆಕಟ್ಟು ಕಟ್ಟುತ್ತೇವೆಂದು ಹೊರಟಿದ್ದ ಕಾಲ. ಕಟ್ಟಿದರೆ ಅವಳ ಊರು ಡಪ್ಪಾಯ್ ಮುಳುಗುತ್ತದೆ, ಗದ್ದೆಗಳು ಮುಳುಗುತ್ತವೆ, ಮನೆಯ ಮಗ್ಗುಲಲ್ಲೇ ಮಣ್ಣಾಗಿರುವ ಅಪ್ಪ, ಅಜ್ಜ, ಗಂಡ ಎಲ್ಲರೂ ಮುಳುಗುತ್ತಾರೆ. ಸರ್ವೆಯವರು ಹೊಳೆಯ ಮರಳಿನಲ್ಲಿ ಡೇರೆ ಹಾಕಿದ್ದರು, ಕಾವಲಿಗೆ ಸಿಪಾಯಿಗಳಿದ್ದರು. ಗಂಡಸರು ಹೋದರೆ ಗುಂಡು ಹಾರುತ್ತದೆ, ಹೆಂಗಸರೇ ಹೋಗಿ ಡೇರೆ ಕಿತ್ತು ಹಾಕಬೇಕು ಎಂದು ಊರು ತೀರ್ಮಾನಿಸಿತ್ತು. ಆ ದಿನ ಮಧ್ಯಾಹ್ನವೇ ಹೊರಡುವುದಿತ್ತು. ಎಲ್ಲರಿಗಿಂತ ಮುಂದೆ ನಡೆಯಬೇಕಾದವಳು ಲಗ್ಗಾವ.

ಅವಳು ಮನೆಯ ಮುಂದೆ ಅಕ್ಕಿ ಕುಟ್ಟುತ್ತಿದ್ದಳು. ಇಳಿಜಾರಿನಿಂದ ಒಬ್ಬ ಉರುಳಿಕೊಂಡೇ ಬಂದ. ಮೈಯೆಲ್ಲ ಕೆಸರು, ಮೊಣಕಾಲು ಕಿತ್ತುಹೋಗಿತ್ತು, ತುಟಿ ಒಡೆದಿತ್ತು. "ನೀರು ಅಮ್ಮಾ" ಎಂದಷ್ಟೇ ಅವನ ಬಾಯಿಂದ ಬಂದದ್ದು. ಅವಳು ಒನಕೆ ಬಿಟ್ಟು, ಚಿಪ್ಪಿನಲ್ಲಿ ನೀರು ತುಂಬಿ ಕೊಟ್ಟಳು. ಅವನು ಗಟಗಟ ಕುಡಿದ. ಆಮೇಲೆ ಕೇಳಿದಳು.

"ಯಾರಪ್ಪಾ ನೀನು?"

"ಕ್ರಿಸಾಂತೊ. ಸರ್ವೆ ತಂಡದ ಮುಖ್ಯಸ್ಥ. ದಾರಿ ತಪ್ಪಿತು."

ಅಯ್ಯೋ ನನ್ನ ಕರ್ಮವೇ, ಬಾಯಿಗೆ ಏನಾಗಿತ್ತು, ಮೊದಲು ಕೇಳಬಾರದಿತ್ತೇ ಎಂದು ಲಗ್ಗಾವ ತನ್ನನ್ನೇ ಬೈದುಕೊಂಡಳು. ಅವನಿಗೆ ಇದೊಂದೂ ಗೊತ್ತಿಲ್ಲ, ಒದ್ದೆ ತುಟಿ ಒರೆಸಿಕೊಳ್ಳುತ್ತ ಇನ್ನೊಂದು ಚಿಪ್ಪು ಕೇಳಿದ.

"ಕುಡಿ, ಕುಡಿ. ಕೆಟ್ಟಿದ್ದು ಕೆಟ್ಟಾಯ್ತು," ಎಂದಳು. ಒಳಗೆ ಕೂರಿಸಿ ಅನ್ನ, ಬೇಯಿಸಿದ ಕರಿ ಅವರೆ, ಕಾಫಿ ಕೊಟ್ಟಳು.

ಸುದ್ದಿ ಹಬ್ಬಲು ಎಷ್ಟು ಹೊತ್ತು? ಅವನು ಕಾಫಿ ಮುಗಿಸುವುದರೊಳಗೆ ಮೈದುನ ಗಸ್ಪಾಂಗ್ ಕೊಡಲಿ ಹಿಡಿದು, ಕಂಬಗಳ ಮೇಲಿನ ಆ ಮನೆಯ ಏಣಿಯ ಕೆಳಗೆ ನಿಂತಿದ್ದ. ಹಿಂದೆ ಅವನ ಹೆಂಡತಿ ಇಪಾಯ್, ಅವಳ ಹಿಂದೆ ಅರ್ಧ ಊರು.

"ಅತ್ತಿಗೆ, ಅವನನ್ನ ಕೆಳಗೆ ಇಳಿಸು."

"ನೀರು ಕುಡಿದಿದ್ದಾನೆ."

"ಯಾಕೆ ಕೊಟ್ಟೆ?"

"ಬಾಯಾರಿತ್ತು, ಕೊಟ್ಟೆ. ತಪ್ಪು ನಂದೇ. ಆದ್ರೆ ಕುಡಿದದ್ದು ಕುಡಿದಾಯ್ತಲ್ಲ, ಕಕ್ಕಿಸ್ಲಾ?"

"ಇವನ ತಲೆ ಹೋದ್ರೆ ಇನ್ನೊಬ್ಬ ಈ ಕಡೆ ತಲೆ ಹಾಕಲ್ಲ. ಊರು ಉಳಿಯುತ್ತೆ."

"ನನ್ನ ಮನೇಲಿ ನೀರು ಕುಡಿದವನನ್ನ ನನ್ನ ಮೆಟ್ಟಿಲ ಮೇಲೆ ಕಡಿದ್ರೆ, ಆಮೇಲೆ ಯಾವ ಊರು ಉಳಿಸ್ತೀಯೋ? ಬರೀ ಕಲ್ಲು ಮಣ್ಣು ಉಳಿಯುತ್ತೆ. ಅದನ್ನ ಅವರೇ ತಗೊಂಡು ಹೋಗ್ಲಿ." ಅವಳು ಬಾಗಿಲಿಗೆ ಅಡ್ಡ ಕೂತಳು. "ಬಾ, ಹತ್ತು. ಮೊದಲು ಅತ್ತಿಗೆ ತಲೆ ತೆಗಿ, ಆಮೇಲೆ ಅವನದು."

ಗಸ್ಪಾಂಗ್ ಹಲ್ಲು ಕಡಿದ. ಹತ್ತಲಿಲ್ಲ. ಅತ್ತಿಗೆ ಸುಮ್ಮನೆ ಹೇಳುವವಳಲ್ಲ ಎಂದು ಅವನಿಗೆ ಗೊತ್ತಿತ್ತು. ಆದರೆ ಇಪಾಯ್ ಅಂದ ಮಾತು ಕೊಡಲಿಗಿಂತ ಆಳಕ್ಕೆ ಇಳಿಯಿತು.

"ಇರ್ಲಿ ಬಿಡಿ. ಅಕ್ಕ ಅವರ ಕಡೆ ಸೇರಿದ್ದಾಳೆ. ಮುಳುಗಡೆ ಆದ್ಮೇಲೆ ಕೊಡೋ ತಗಡಿನ ಮನೆ ಇವಳಿಗೇ ಮೊದಲು ಸಿಗುತ್ತೆ. ನಾವು ಹೋಗಿ ಡೇರೆ ಕೀಳೋಣ. ಇವಳು ನಮ್ಮ ಜೊತೆ ಬರೋದು ಬೇಡ."

ಹೆಂಗಸರೆಲ್ಲ ತಿರುಗಿ ಹೊರಟರು. ಇಪ್ಪತ್ತೈದು ವರ್ಷ ಒಟ್ಟಿಗೆ ನಾಟಿ ಮಾಡಿದವರು, ಒಬ್ಬರೂ ತಿರುಗಿ ನೋಡಲಿಲ್ಲ. ಗಂಡ ಸತ್ತಾಗ ಕೂಡ ಲಗ್ಗಾವಳಿಗೆ ಇಷ್ಟು ಒಂಟಿಯೆನಿಸಿರಲಿಲ್ಲ. ಅಳು ಬಂತು, ಜೊತೆಗೆ ಸಿಟ್ಟೂ ಬಂತು. ಸಿಟ್ಟೇ ಗೆದ್ದಿತು.

"ಏಳಪ್ಪಾ," ಎಂದು ಕ್ರಿಸಾಂತೊನನ್ನು ಎಬ್ಬಿಸಿದಳು. "ನಿನ್ನ ಜನರ ಹತ್ತಿರ ಬಿಟ್ಟು ಬರ್ತೀನಿ. ನನ್ನ ಬೆನ್ನಿಗೆ ಅಂಟಿಕೊಂಡು ನಡಿ."

ಗದ್ದೆಯ ಬದುವಿನ ಮೇಲೆ ಅವಳು ಮುಂದೆ, ಕುಂಟುತ್ತ ಅವನು ಹಿಂದೆ. ಗಸ್ಪಾಂಗ್ ಸ್ವಲ್ಪ ದೂರದಲ್ಲಿ ಕೊಡಲಿ ಸಮೇತ ಬರುತ್ತಲೇ ಇದ್ದ. ಕ್ರಿಸಾಂತೊ ಹತ್ತು ಹೆಜ್ಜೆಗೊಮ್ಮೆ ಹಿಂದೆ ತಿರುಗಿ ನೋಡುತ್ತಿದ್ದ.

"ಅಮ್ಮಾ, ನಿಮ್ಮ ಉಪಕಾರ ಮರೆಯೋದಿಲ್ಲ. ಬಯಲಲ್ಲಿ ಒಳ್ಳೆ ಜಾಗ ಇದೆ, ನಿಮ್ಮ ಹೆಸರು ಮೊದಲು ಬರೆಸ್ತೀನಿ."

"ಬಾಯಿ ಮುಚ್ಚಿಕೊಂಡು ನಡಿ. ಬಾಯಾರಿದ ನಾಯಿಗೂ ನೀರು ಕೊಡ್ತೀನಿ. ಅದು ನನಗೆ ಜಾಗ ಕೊಡ್ತೀನಿ ಅನ್ನಲ್ಲ."

ಹೊಳೆ ತಲುಪಿದಾಗ ಹೆಂಗಸರು ಆಗಲೇ ಡೇರೆಗಳ ಸುತ್ತ ನಿಂತಿದ್ದರು. ಸಿಪಾಯಿಗಳು ಬಂದೂಕು ಅಡ್ಡ ಹಿಡಿದಿದ್ದರು, ಅದನ್ನು ಕಂಡು ಗಸ್ಪಾಂಗ್ ಬದುವಿನಲ್ಲೇ ನಿಂತ. ಯಾರೂ ಮೊದಲ ಗೂಟಕ್ಕೆ ಕೈ ಹಾಕಿರಲಿಲ್ಲ. ಲಗ್ಗಾವ ಸೀದಾ ಸಾರ್ಜೆಂಟನ ಮುಂದೆ ಹೋಗಿ ಕ್ರಿಸಾಂತೊನನ್ನು ನಿಲ್ಲಿಸಿದಳು.

"ನೋಡ್ಕೊಳ್ಳಿ. ಕೈ ಎರಡು, ಕಾಲು ಎರಡು, ತಲೆ ಒಂದು. ಎಲ್ಲ ಇದ್ದ ಜಾಗದಲ್ಲೇ ಇದೆ. ನಮ್ಮ ಕಡೆ ಇದು ಸಣ್ಣ ವಿಷಯ ಅಲ್ಲ."

ಹೆಂಗಸರಲ್ಲಿ ಯಾರೋ ಕಿಸಕ್ಕೆಂದರು. ಅವಳು ನಗಲಿಲ್ಲ. ಪಕ್ಕದ ಡೇರೆಯ ಗೂಟವನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿ ಕಿತ್ತಳು. ಡೇರೆ ಒಂದು ಕಡೆ ಕುಸಿಯಿತು.

"ಅಮ್ಮಾ, ಇದೇನಿದು?" ಎಂದ ಕ್ರಿಸಾಂತೊ.

"ಇಲ್ಲಿ ತನಕ ನೀನು ನನ್ನ ಮನೆಯವನು. ನಿನ್ನವರನ್ನ ಸೇರಿದೆ, ಮುಗೀತು. ಈಗ ನೀನು ಸರ್ವೆಯವನು, ನಾನು ಡಪ್ಪಾಯ್‌ನವಳು." ಎರಡನೆಯ ಗೂಟಕ್ಕೆ ಕೈ ಹಾಕಿದಳು.

ಆಮೇಲೆ ಹೆಂಗಸರು ಕಾಯಲಿಲ್ಲ. ಹಗ್ಗ ಹರಿದರು, ಬಟ್ಟೆ ಎಳೆದರು, ಅಳತೆಯ ಕೋಲುಗಳನ್ನು ಹೊಳೆಗೆ ಎಸೆದರು. ಗುಂಡು ಹಾರಲಿಲ್ಲ. ಆದರೆ ಸಾರ್ಜೆಂಟ್ ಲಾರಿ ತರಿಸಿದ. ಸಿಪಾಯಿಗಳು ಹೆಂಗಸರನ್ನು ಒಬ್ಬೊಬ್ಬರಾಗಿ ಎಳೆದು ಹತ್ತಿಸಿದರು, ಒಬ್ಬ ಹೆಸರು ಬರೆದುಕೊಂಡ. ಲಗ್ಗಾವಳ ರಟ್ಟೆಗೆ ಕೈ ಹಾಕಿದಾಗ ಕ್ರಿಸಾಂತೊ ಅಡ್ಡ ಬಂದ.

"ಇವರನ್ನ ಬಿಡಿ. ನನ್ನ ಜೀವ ಉಳಿಸಿದವರು. ಇವರು ಮನೆಗೆ ಹೋಗ್ಲಿ."

ಅವನಿಗೆ ನಿಜವಾಗಿಯೂ ಋಣ ತೀರಿಸುವ ಮನಸ್ಸಿತ್ತು, ಪಾಪ. ಸಿಪಾಯಿ ಕೈ ಬಿಟ್ಟ. ಲಾರಿಯ ಮೇಲಿಂದ ಮೂವತ್ತು ಜೊತೆ ಕಣ್ಣು ಲಗ್ಗಾವಳನ್ನು ನೋಡಿದವು. ಇಪಾಯ್‌ಳ ತುಟಿ ಕೊಂಕಿತು. ಹೇಳಿರಲಿಲ್ಲವೇ ನಾನು, ಎಂಬಂತಿತ್ತು ಆ ನೋಟ.

ಲಗ್ಗಾವಳ ಮೈಯೆಲ್ಲ ಉರಿಯಿತು. ಕೊಡಲಿಯ ಮುಂದೆ ಕೂತವಳಿಗೆ ಈ ಕರುಣೆಯನ್ನು ಸಹಿಸಲಾಗಲಿಲ್ಲ.

"ನನ್ನ ನೀರಿಗೆ ಬೆಲೆ ಕಟ್ತೀಯೇನೋ?" ಎಂದು ಕ್ರಿಸಾಂತೊನನ್ನು ಪಕ್ಕಕ್ಕೆ ತಳ್ಳಿದಳು. "ಮೊದಲ ಗೂಟ ಕಿತ್ತವಳು ನಾನು. ನನ್ನ ಬಿಟ್ಟು ಇವರನ್ನ ಒಯ್ಯೋಕೆ ನೀನ್ಯಾರು?"

ಲಾರಿಯ ಹಿಂಬದಿಯ ಹಲಗೆ ಹಿಡಿದು ಹತ್ತಲು ನೋಡಿದಳು. ಸಿಪಾಯಿ ಅಡ್ಡಗಟ್ಟಿದ.

"ಇಳಿ, ಅಜ್ಜಿ. ನಿನ್ನ ಹೆಸರು ಬರ್ಕೊಂಡಿಲ್ಲ. ಮನೆಗೆ ಹೋಗು."

"ಬರ್ಕೋ ಹಾಗಾದ್ರೆ. ಲಗ್ಗಾವ. ಊರು ಡಪ್ಪಾಯ್. ಮುಳುಗದ ಊರು ಅಂತಾನೂ ಬರ್ಕೋ."

ಮೇಲಿಂದ ಒಂದು ಕೈ ಕೆಳಗೆ ಚಾಚಿತು. ಇಪಾಯ್‌ಳದು. ಅವಳು ಪಕ್ಕದವರನ್ನು ಮೊಣಕೈಯಿಂದ ಒತ್ತಿ ಸರಿಸುತ್ತ, ಲಗ್ಗಾವಳ ಮುಖ ನೋಡದೆಯೇ ಗದರಿದಳು.

"ಬಾ ಅಕ್ಕಾ, ಬೇಗ ಹತ್ತು. ಎಷ್ಟು ಹೊತ್ತು ಅಂತ ಜಾಗ ಹಿಡ್ಕೊಂಡು ಕೂರೋದು?"