ಟೇಪಿನಣ್ಣ ಕಟ್ಟಿದ ಉಣ್ಣೆ

ಹೋದ ವಾರ ನನ್ನ ಹಳೇ ಕಾರಿನ ಡ್ಯಾಶ್‌ಬೋರ್ಡ್ ಬಿಚ್ಚಿದಾಗ ಒಳಗಿನಿಂದ ಕುರಿ ವಾಸನೆ ಬಂತು.

ಸುಳ್ಳಲ್ಲ. ಹೊಸದುರ್ಗದ ಒಂದು ಅಂಗಡಿಯಲ್ಲಿ ಸ್ಕ್ರೀನ್ ಇರುವ ಹೊಸ ಟೇಪು ಹಾಕಿಸಲು ಹೋಗಿದ್ದೆ. ಅಂಗಡಿಯವನು ಹಳೆಯದನ್ನು ಹೊರಗೆಳೆದು, ಟಾರ್ಚ್ ಬಿಟ್ಟು ನೋಡಿ, "ಸರ್, ಒಳಗೆ ಇಲಿ ಗೂಡು ಕಟ್ಟೈತೆ ನೋಡ್ರಿ" ಅಂದ. ಬಗ್ಗಿ ನೋಡಿದೆ. ಇಲಿಯೂ ಇಲ್ಲ, ಗೂಡೂ ಇಲ್ಲ. ಒಂದೊಂದು ತಂತಿಯ ಕೊರಳಿಗೂ ಒಂದೊಂದು ಎಳೆ ಉಣ್ಣೆ ಕಟ್ಟಿತ್ತು. ಕೆಲವು ಕರಿ, ಕೆಲವು ಬಿಳಿ, ಕೆಲವು ಕಂದು. ಇಷ್ಟು ವರ್ಷ ಒಳಗೇ ಮುಚ್ಚಿಕೊಂಡಿದ್ದರೂ ಒದ್ದೆ ಕಂಬಳಿಯ ಆ ವಾಸನೆ ಪೂರ್ತಿ ಹೋಗಿರಲಿಲ್ಲ. ನಾನು ಅಲ್ಲೇ ಗಟ್ಟಿಯಾಗಿ ನಕ್ಕುಬಿಟ್ಟೆ. ಪಾಪ, ಅಂಗಡಿಯವನು ಎರಡು ಹೆಜ್ಜೆ ಹಿಂದೆ ಸರಿದ.

"ಅದನ್ನ ಕೀಳಬ್ಯಾಡಪ್ಪ. ಅದು ನಮ್ ಟೇಪಿನಣ್ಣ ಕಟ್ಟಿದ್ದು" ಅಂದೆ.

ಎರಡು ಸಾವಿರದ ಇಸವಿ ದಾಟಿ ಮೂರೋ ನಾಲ್ಕೋ ವರ್ಷ ಆಗಿದ್ದಿರಬಹುದು. ಆಗ ನಾನು ಚಿತ್ರದುರ್ಗದಲ್ಲಿ ಒಬ್ಬ ಡಾಕ್ಟ್ರಮ್ಮನ ಕಾರಿಗೆ ಡ್ರೈವರ್. ನಮ್ಮೂರು ಹಿರೇಗುಂಟನೂರು. ಲಾರಿ ಕ್ಲೀನರ್ ಆಗಿ, ಟ್ರ್ಯಾಕ್ಟರ್ ಓಡಿಸಿ, ಕೊನೆಗೆ ತಿಂಗಳ ಸಂಬಳದ ಕೆಲಸ ಅಂತ ಸಿಕ್ಕಿದ್ದು ಅದೇ ಮೊದಲು. ಡಾಕ್ಟ್ರಮ್ಮನ ಕಾರಿನ ಡ್ರೈವರ್ ಅನ್ನುವ ಒಂದೇ ಮಾತಿಗೆ ನಮ್ಮ ಮಾವ ಮಗಳನ್ನು ಕೊಟ್ಟಿದ್ದರು. ಹುಡುಗನ ಮುಖ ನೋಡಿ ಅಲ್ಲ, ಕಾರಿನ ಮುಖ ನೋಡಿ ಕೊಟ್ಟರು ಅಂತ ನನ್ನ ಹೆಂಡತಿ ಈಗಲೂ ಆಡಿಕೊಳ್ಳುತ್ತಾಳೆ.

ಕಾರೂ ಅಂಥದ್ದೇ. ಸ್ಟೇರಿಂಗ್ ಮೇಲೇ ಟೇಪಿನ ಗುಂಡಿಗಳು. ಹೆಬ್ಬೆರಳಲ್ಲಿ ಒತ್ತಿದರೆ ದನಿ ಜಾಸ್ತಿ, ಇನ್ನೊಂದು ಒತ್ತಿದರೆ ಕಡಿಮೆ. ಟೇಪಿನ ಹಿಂದೆ ಕೂದಲೆಳೆಯಂಥ ಎರಡು ತಂತಿ. ಕಳ್ಳ ಟೇಪು ಕಿತ್ತ ಅಂದರೆ ಆ ತಂತಿ ಬೇರೆಯಾಗಿ ಸೈರನ್ ಕಿರುಚುತ್ತಿತ್ತು. ಆಗಿನ ದುರ್ಗಕ್ಕೆ ಇದೆಲ್ಲ ದೊಡ್ಡ ವಿಷಯ. ಡಾಕ್ಟ್ರಮ್ಮನಿಗೆ ಆ ಗುಂಡಿಗಳೆಂದರೆ ಪ್ರಾಣ. ಹೆರಿಗೆ ಕೇಸು ಬಂದರೆ ನನಗೆ ಕಾಯದೆ ತಾವೇ ಓಡಿಸಿಕೊಂಡು ಹೋಗುವವರು. ಸ್ಟೇರಿಂಗ್ ಬಿಟ್ಟು ಕೈ ಆಚೆ ಈಚೆ ಹೋಗಬಾರದು ಅನ್ನುವರು. ನನಗಿಂತ ಮುಂಚೆ ಇದ್ದ ಡ್ರೈವರನ್ನು ಒಂದೇ ದಿನದಲ್ಲಿ ಮನೆಗೆ ಕಳಿಸಿದ್ದರು. ಕಾರಿನ ಬಾಗಿಲು ಗೀಚಿದ್ದನಂತೆ. ನನಗೆ ಗೊತ್ತಿದ್ದದ್ದು ಅಷ್ಟೇ. ಅಷ್ಟಕ್ಕೇ ನಾನು ಆ ಕಾರನ್ನು ಅಂಗೈಯಲ್ಲಿ ಇಟ್ಟುಕೊಂಡು ಓಡಾಡುತ್ತಿದ್ದೆ.

ಆ ವರ್ಷ ಆಯುಧಪೂಜೆ ಬಂತು. ನನ್ನ ಭಕ್ತಿ ಉಕ್ಕಿತು. ಬೆಳಗ್ಗೆ ಬೇಗ ಎದ್ದು ಕಾರು ತೊಳೆದವನು, ಚಕ್ರಕ್ಕೆ ಪೂಜೆ, ಎಂಜಿನ್‌ಗೆ ಪೂಜೆ, ಬ್ಯಾಟರಿ ಏನು ಪಾಪ ಮಾಡಿತ್ತು ಅಂತ ಅದರ ಎರಡೂ ತಂತಿ ಬಿಚ್ಚಿ, ಉಪ್ಪುಗಟ್ಟಿದ್ದನ್ನೆಲ್ಲ ಬಿಸಿನೀರಲ್ಲಿ ತೊಳೆದು ಫಳಫಳ ಮಾಡಿ ಮತ್ತೆ ಸಿಕ್ಕಿಸಿದೆ. ಡಾಕ್ಟ್ರಮ್ಮ ಬಂದು ಪೂಜೆ ಮಾಡಿ, ಕುಂಬಳಕಾಯಿ ಒಡೆಸಿ, ಮೈಸೂರಿನ ಮಗಳ ಮನೆಗೆ ಅಂತ ಬಸ್ಸು ಹತ್ತಿದರು. ನಾಲ್ಕು ದಿನ ಬಿಟ್ಟು ಬರುವವರಿದ್ದರು. ಅವರನ್ನು ಕಳಿಸಿ ಬಂದು ಟೇಪು ಹಾಕಿದರೆ ಹಾಡೂ ಇಲ್ಲ, ಗೀಡೂ ಇಲ್ಲ. ಟೇಪಿನ ಪುಟ್ಟ ಗಾಜಿನ ಕಿಟಕಿಯಲ್ಲಿ ನಾಲ್ಕು ಗೆರೆ ಮಿಣಿಮಿಣಿ ಅನ್ನುತ್ತಿದ್ದವು.

ಬ್ಯಾಟರಿ ಬಿಚ್ಚಿದರೆ ಆ ಟೇಪು ತನ್ನನ್ನು ಯಾರೋ ಕದ್ದಿದ್ದಾರೆ ಅಂದುಕೊಂಡು ಬೀಗ ಹಾಕಿಕೊಳ್ಳುತ್ತದೆ, ನಾಲ್ಕು ಅಂಕಿಯ ಗುಟ್ಟು ಹೇಳಿದರಷ್ಟೇ ಬಾಯಿ ಬಿಡುತ್ತದೆ. ಇದು ನನಗೆ ತಿಳಿದದ್ದು ಆಮೇಲೆ, ಕಾರಿನ ಪುಸ್ತಕದಲ್ಲಿ ಚಿತ್ರ ನೋಡಿ. ಸರಿ, ಗುಟ್ಟಿನ ಕಾರ್ಡು ಕಾಗದ ಪತ್ರಗಳ ಜೊತೆ ಇತ್ತಲ್ಲ ಅಂತ ಹುಡುಕಿದೆ. ಸಿಕ್ಕಿತು. ಆದರೆ ಆ ಕಾಗದ ಪತ್ರಗಳನ್ನೂ ಬೆಳಗ್ಗೆ ತಟ್ಟೆಯಲ್ಲಿಟ್ಟು ಪೂಜೆ ಮಾಡಿದ್ದೆವು. ಕಾರ್ಡಿನ ಮೂರನೇ ಅಂಕಿಯ ಮೇಲೆ ಸರಿಯಾಗಿ, ಕಾಸಿನಗಲ, ಒದ್ದೆ ಕುಂಕುಮ!

ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಕುಂಕುಮದ ಜೊತೆ ಶಾಯಿಯೂ ಬಂತು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತು ನನ್ನ ಕಥೆ. ಒಂದು ಅಂಕಿ ತಾನೇ ಅಂತ ಸೊನ್ನೆಯಿಂದ ಒಂದೊಂದೇ ಹಾಕುತ್ತಾ ಹೋದೆ. ನಾಲ್ಕನೆಯದಕ್ಕೋ ಐದನೆಯದಕ್ಕೋ ಆ ನಾಲ್ಕು ಗೆರೆಗಳೂ ಆರಿ, ಟೇಪು ಕಾಯಂ ಬೀಗ ಹಾಕಿಕೊಂಡಿತು. ಕೆಲಸ ಹೋಯಿತು, ಮಾವನ ಮುಂದೆ ಮಾನವೂ ಹೋಯಿತು ಅಂದುಕೊಂಡೆ.

ಮರುದಿನ ಎರಡು ಅಂಗಡಿ ತಿರುಗಿದೆ. ಹೊಸ ಟೇಪು ಹಾಕಬಹುದು, ಆದರೆ ಸ್ಟೇರಿಂಗ್ ಗುಂಡಿ ಮರೆತುಬಿಡಿ ಅಂದರು. ಸೈರನ್ ತಂತಿ ಕತ್ತರಿಸಿ ಒಂದಕ್ಕೊಂದು ಸುತ್ತಿಬಿಡಾಣ, ಯಾರಿಗೆ ಗೊತ್ತಾಗುತ್ತದೆ ಅಂದರು. ಕುರಿ ಕಾಯಲು ತೋಳನನ್ನು ಬಿಟ್ಟಂತೆ! ಕೊನೆಗೆ ಯಾರೋ ಹೇಳಿದರು, ಹೊಳಲ್ಕೆರೆ ರಸ್ತೆಯಲ್ಲಿ ಬೇವಿನ ಮರದ ಕೆಳಗೆ ಟೇಪಿನಣ್ಣ ಇದಾನೆ, ಅವನ ಹತ್ತಿರ ಹೋಗು ಅಂತ.

ಅಂಗಡಿ ಅಂದರೆ ಒಂದು ಬಾಗಿಲಿನ ಗೂಡು. ಬೆಸುಗೆ ರಾಳದ ಹೊಗೆ, ಕಂಬಳಿ ವಾಸನೆ, ಒಲೆಯಿಲ್ಲದಿದ್ದರೂ ಎಲ್ಲಿಂದಲೋ ಬರುವ ಟೀ ವಾಸನೆ. ಟೇಪಿನಣ್ಣನಿಗೆ ಆಗ ಐವತ್ತರ ಹತ್ತಿರ. ಹೆಗಲ ಮೇಲೆ ಕರಿ ಕಂಬಳಿ, ಜೇಬಿನಲ್ಲಿ ಟೆಸ್ಟರ್. ಹಿರಿಯೂರು ಕಡೆ ಹರಿಯಬ್ಬೆಯವನು, ಕುರಿ ಸಾಕುವ ಮನೆತನ. ರೇಡಿಯೋ ಬಿಚ್ಚುವ ಹುಚ್ಚಿಗೆ ದುರ್ಗಕ್ಕೆ ಬಂದು ಉಳಿದವನು. ನನ್ನ ಕಥೆಯನ್ನೆಲ್ಲ ಕಣ್ಣು ಮುಚ್ಚಿ ಕೇಳಿದ. ಆಮೇಲೆ ಒಂದೇ ಪ್ರಶ್ನೆ ಕೇಳಿದ.

"ಯಜಮಾನ್ತಿಗೆ ಹೇಳಿದಿಯೇನಪ್ಪ?"

"ಇಲ್ಲಣ್ಣ. ಅವ್ರು ಬರೋದ್ರೊಳಗೆ ಹಾಕ್ಬಿಟ್ರೆ..."

"ಹಂಗಾದ್ರೆ ನಾನು ಮುಟ್ಟಲ್ಲ. ಇನ್ನೊಬ್ರ ಕುರಿ ಕಿವಿ ಗುರುತು ಅವ್ರನ್ನ ಕೇಳ್ದೆ ಬದಲಾಯಿಸ್ಬಾರ್ದು. ಅದು ಕಳ್ತನ. ಹೋಗು, ಫೋನ್ ಮಾಡಿ ಬಾ."

ನನಗೆ ಉರಿದುಹೋಯಿತು. ಟೇಪು ರಿಪೇರಿ ಮಾಡು ಅಂದರೆ ಪುರಾಣ ಹೇಳುತ್ತಾನಲ್ಲ, ಎಲಾ ಇವನ! ಎದ್ದು ಹೊರಗೆ ಬಂದು ರಸ್ತೆಯ ತುದಿವರೆಗೂ ಹೋದೆ. ಬೈದುಕೊಂಡೇ ಹೋದೆ. ಹೋಗಲು ಬೇರೆ ಅಂಗಡಿ ಇರಲಿಲ್ಲ. ಬೀಡಾ ಅಂಗಡಿ ಪಕ್ಕದ ಎಸ್ಟಿಡಿ ಬೂತಿನಿಂದ ಮೈಸೂರಿಗೆ ಫೋನ್ ಮಾಡಿದೆ.

ಬ್ಯಾಟರಿ ತೊಳೆದದ್ದು, ಬೀಗ ಬಿದ್ದದ್ದು, ಶಾಯಿ ಒರೆಸಿದ್ದು ಎಲ್ಲ ಒಂದೇ ಉಸಿರಲ್ಲಿ ಹೇಳಿದೆ.

"ಕಾರ್ಡಿಗೆ ಕುಂಕುಮ ಇಟ್ಟೋರು ಯಾರು?" ಅಂದರು ಡಾಕ್ಟ್ರಮ್ಮ.

"ಅದು... ಪೂಜೇಲಿ ಅಮ್ಮ..." ಅಂದೆ.

"ನಾನೇ ಅಲ್ವೇನೋ ಇಟ್ಟಿದ್ದು! ಲಕ್ಷಣವಾಗಿರಲಿ ಅಂತ ದೊಡ್ಡದಾಗೇ ಇಟ್ಟೆ" ಅಂದವರೇ ನಗಲು ಶುರು ಮಾಡಿದರು. ನಕ್ಕು ನಕ್ಕು ಕೆಮ್ಮಿದರು. ನಾನು ಫೋನ್ ಹಿಡಿದು ಪೆದ್ದನಂತೆ ನಿಂತಿದ್ದೆ. ಆಮೇಲೆ ದನಿ ತಗ್ಗಿಸಿ ಹೇಳಿದರು: "ಹಿಂದಿನ ಡ್ರೈವರನ್ನ, ಕಾರು ಗೀಚಿದ್ದಕ್ಕೆ ಕಳಿಸ್ಲಿಲ್ಲ ಕಣಪ್ಪ, ಗೀಚೇ ಇಲ್ಲ ಅಂದಿದ್ದಕ್ಕೆ ಕಳಿಸ್ದೆ. ನೀನು ಹೊಸದು ಹಾಕ್ಸು. ಆದ್ರೆ ನನ್ನ ಗುಂಡಿ ಕೆಲಸ ಮಾಡ್ಬೇಕು, ಸೈರನ್ನೂ ಇರ್ಬೇಕು."

ಅವತ್ತು ಆ ರಸ್ತೆಯಲ್ಲಿ ನಾನು ನಡೆದು ಬರಲಿಲ್ಲ, ಹಾರಿ ಬಂದೆ.

ಟೇಪಿನಣ್ಣ ಕೆಲಸ ಮಾಡುವ ರೀತಿಯನ್ನು ಅದಕ್ಕೆ ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಿಲ್ಲ. ತಂತಿ ಬಿಡಿಸುವ ಮೊದಲು ಕಂಬಳಿಯ ಪಟ್ಟೆಪಟ್ಟೆ ಅಂಚಿನಿಂದ ಎಳೆ ಕಿತ್ತು ಪ್ರತಿ ತಂತಿಗೂ ಕಟ್ಟಿದ. ಸ್ಪೀಕರಿಗೆ ಕರಿ, ಕರೆಂಟಿಗೆ ಬಿಳಿ, ಗುಂಡಿ ಮತ್ತು ಸೈರನ್‌ಗೆ ಕಂದು. ಒಂದು ಗಂಟು, ಎರಡು ಗಂಟು. ಕಟ್ಟಿ ಮುಗಿಸಿ ಬೆರಳು ಮಡಿಸಿ ಎಣಿಸಿದ. ಹದಿನಾಲ್ಕು. "ಹಟ್ಟಿಯಿಂದ ಬಿಡೋವಾಗ ಎಷ್ಟು ಅಂತ ಗೊತ್ತಿಲ್ದಿದ್ರೆ, ಸಂಜಿಗೆ ಎಷ್ಟು ಬಂದ್ವು ಅಂತ ಹೆಂಗೆ ಗೊತ್ತಾಗ್ಬೇಕು?" ಅಂದ. ಕಾರಿನ ತಂತಿ ಒಂದನ್ನೂ ಕತ್ತರಿಸಲಿಲ್ಲ. ನಡುವೆ ಎರಡೂ ಕಡೆ ಸಿಕ್ಕಿಸುವ ಬೇರೆ ಕಪ್ಲರ್ ಇಟ್ಟು, ಹಳೇ ತಂತಿಗೂ ಹೊಸ ಟೇಪಿಗೂ ಬೀಗತನ ಮಾಡಿಸಿದ.

ಸೈರನ್‌ನ ಎರಡು ತಂತಿಗೆ ಬಂದಾಗ ನನ್ನನ್ನು ಕರೆದ. ಹೊಸ ಟೇಪಿನ ಬೆನ್ನಿಗೆ ಕೊಕ್ಕೆ ಬೆಸೆಯುವವರೆಗೆ ಅವೆರಡನ್ನೂ ಒಂದಕ್ಕೊಂದು ತಾಗಿಸಿ ಹಿಡಿದುಕೊಂಡಿರಬೇಕು. ಬಿಟ್ಟರೆ ಕಿರುಚುತ್ತದೆ. "ಭೂಮಿ ಬಾಯಿ ಬಿಟ್ರೂ ಬಿಡಬ್ಯಾಡ" ಅಂತ ಹೇಳಿ ಟೇಪಿನಣ್ಣ ಡ್ಯಾಶ್‌ಬೋರ್ಡಿನೊಳಗೆ ತಲೆ ತೂರಿಸಿದ. ನಾನು ಬಾಗಿಲಲ್ಲಿ ಬಗ್ಗಿ ನಿಂತು, ಎರಡೂ ಕೈಯಲ್ಲಿ ಎರಡು ತಂತಿ ಹಿಡಿದು, ಉಸಿರು ಕಟ್ಟಿಕೊಂಡಿದ್ದೆ.

ಅಷ್ಟು ಹೊತ್ತಿಗೆ ಕೊಡೆ ಹಿಡಿದು ರಸ್ತೆಯಲ್ಲಿ ಬಂದವರು ಯಾರು ಅಂತೀರಿ... ನಮ್ಮೂರ ಪ್ರೈಮರಿ ಸ್ಕೂಲಿನ ಮೇಷ್ಟ್ರು. ನನಗೆ ಅಕ್ಷರ ಕಲಿಸಿದವರು. ನನ್ನನ್ನು ನೋಡಿ ನಿಂತರು.

ನಾನು ಏನು ಮಾಡಲಿ? ಎರಡೂ ಕೈ ಎತ್ತಿ ನಮಸ್ಕಾರ ಮಾಡಿದೆ.

ಅಯ್ಯಯ್ಯೋ! ಆ ಸೈರನ್ ಎದ್ದ ಪರಿ! ಬೇವಿನ ಮರದ ಕಾಗೆಗಳೆಲ್ಲ ಒಟ್ಟಿಗೆ ಹಾರಿದವು. ಟೇಪಿನಣ್ಣ ಒಳಗೆ ತಲೆ ಚಚ್ಚಿಕೊಂಡು, ಏನೇನೋ ಬೈಯುತ್ತಾ, ಹೊರಗೆ ಬರಲಾಗದೆ ಕಾಲು ಬಡಿಯುತ್ತಿದ್ದ. ಟೀ ಅಂಗಡಿಯವರು ಓಡಿ ಬಂದರು. ಎದುರಿನ ಸರ್ಕಲ್ಲಿನಿಂದ ಪೊಲೀಸಪ್ಪ ಲಾಠಿ ಹಿಡಿದು ಬಂದ. ಒಬ್ಬನ ತಲೆ ಕಾರಿನೊಳಗೆ, ಇನ್ನೊಬ್ಬ ಹೊರಗೆ ಕೈ ಮುಗಿದು ನಿಂತಿದ್ದಾನೆ. ನೋಡಿದವರಿಗೆ ಸಿಕ್ಕಿಬಿದ್ದ ಕಳ್ಳನಂತೆಯೇ ಕಂಡಿರಬೇಕು.

"ಯಾರ್ದಲೇ ಗಾಡಿ?"

"ಡಾಕ್ಟ್ರಮ್ಮಂದು ಸಾರ್..."

"ಮತ್ತೆ ನಿಂಗೇನು ಕೆಲ್ಸ ಇದ್ರಾಗೆ?"

ಮೇಷ್ಟ್ರು ನಿಧಾನವಾಗಿ ಕೊಡೆ ಮಡಿಸಿದರು. "ಇವ್ನು ನನ್ನ ಶಿಷ್ಯ ಕಣ್ರಿ. ಲೆಕ್ಕದಾಗೆ ದಡ್ಡ, ಕಳ್ಳ ಅಲ್ಲ" ಅಂದರು. ಆಮೇಲೆ ನನ್ನ ಕಡೆ ತಿರುಗಿ, "ಲೇ, ಮೊದ್ಲು ಕೈ ಇಳಿಸಿ ಆ ತಂತಿ ಹಿಡಿಯೋ!" ಅಂದರು. ನಾನು ಇನ್ನೂ ಕೈ ಮುಗಿದೇ ನಿಂತಿದ್ದೆ.

ತಂತಿ ತಾಗಿಸಿ, ಬೀಗದ ಕೈಯ ಗುಂಡಿ ಒತ್ತಿದ ಮೇಲೆ ಸೈರನ್ ನಿಂತಿತು. ಟೇಪಿನಣ್ಣ ಹಣೆ ಉಜ್ಜಿಕೊಳ್ಳುತ್ತಾ ಹೊರಗೆ ಬಂದ. ಇನ್ನು ನನ್ನನ್ನು ಸಿಗಿದುಹಾಕುತ್ತಾನೆ ಅಂದುಕೊಂಡೆ. ಅವನು ಮೇಷ್ಟ್ರನ್ನು ನೋಡಿದ, ನನ್ನನ್ನು ನೋಡಿದ. "ಕುಂಕುಮ ಇಟ್ಟು ಒಂದ್ಸಲ ಕೆಟ್ರಿ, ಕೈ ಮುಗ್ದು ಇನ್ನೊಂದ್ಸಲ ಕೆಟ್ರಿ. ಈ ಗಾಡಿಗೆ ಭಕ್ತಿ ಜಾಸ್ತಿ ಆತು ಕಣಪ್ಪ" ಅಂದ. ಪೊಲೀಸಪ್ಪನೂ ನಕ್ಕುಬಿಟ್ಟ. ಎಲ್ಲರಿಗೂ ಟೀ ಬಂತು.

ಮೇಷ್ಟ್ರು ಹೋಗಲಿಲ್ಲ, ಸ್ಟೂಲ್ ಎಳೆದುಕೊಂಡು ಕುಳಿತರು. ಮುಂದಿನ ಕೆಲಸ ಅವರಿಗೇ ಹೇಳಿ ಮಾಡಿಸಿದಂತಿತ್ತು. ಸ್ಟೇರಿಂಗ್ ಗುಂಡಿಗಳ ಮಾತು ಹೊಸ ಟೇಪಿಗೆ ತಿಳಿಯುವುದಿಲ್ಲವಲ್ಲ, ಅದಕ್ಕೆ ನಡುವೆ ಬೆಂಕಿಪೊಟ್ಟಣದಷ್ಟು ಒಂದು ಡಬ್ಬಿ. ಟೇಪಿನಣ್ಣ ಅದನ್ನು ಬೆಂಗಳೂರಿನಿಂದ ತರಿಸಿ ಯಾವ ಕಾಲದಿಂದಲೋ ಇಟ್ಟುಕೊಂಡಿದ್ದನಂತೆ. ಅದಕ್ಕೆ ಒಂದೊಂದೇ ಗುಂಡಿಯನ್ನು ಕಲಿಸಬೇಕು. ನಾನು ಒತ್ತುವುದು, ಡಬ್ಬಿಯ ದೀಪ ಮಿನುಗುವವರೆಗೆ ಕಾಯುವುದು, ಅವನು ಮೀಟರ್ ನೋಡಿ ಹ್ಞೂಂ ಅನ್ನುವುದು. ಆರು ಗುಂಡಿಗೆ ಅರ್ಧ ಗಂಟೆ ಹಿಡಿಯಿತು.

"ಪರವಾಗಿಲ್ಲ, ನಿನಗಿಂತ ಬೇಗ ಕಲೀತು" ಅಂದರು ಮೇಷ್ಟ್ರು.

ಎಲ್ಲ ಮುಗಿದು ಹೆಬ್ಬೆರಳಲ್ಲಿ ಗುಂಡಿ ಒತ್ತಿದೆ. ದನಿ ಏರಿತು. ಇನ್ನೊಂದು ಒತ್ತಿದೆ, ಇಳಿಯಿತು. ಅವತ್ತಿನ ಖುಷಿ ಏನು ಹೇಳಲಿ, ಟೇಪಿನಣ್ಣನ ಕೈ ಹಿಡಿದು ಕಣ್ಣಿಗೊತ್ತಿಕೊಂಡೆ. ಅವನು ಕೈ ಕೊಸರಿಕೊಂಡು, "ತಡಿ ತಡಿ" ಅಂದು ಟಾರ್ಚ್ ಹಿಡಿದು ಮತ್ತೆ ಒಳಗೆ ಬಗ್ಗಿದ. ಉಣ್ಣೆ ಗಂಟುಗಳನ್ನು ಒಂದೊಂದೇ ಮುಟ್ಟಿ ಎಣಿಸಿದ. "ಹದಿನಾಲ್ಕೂ ಅವೆ" ಅಂದ. ಆಮೇಲೆಯೇ ಡ್ಯಾಶ್‌ಬೋರ್ಡ್ ಮುಚ್ಚಿದ್ದು.

ಮುಂದೆ ನಾನು ಡಾಕ್ಟ್ರಮ್ಮನ ಹತ್ತಿರ ಹನ್ನೊಂದು ವರ್ಷ ಇದ್ದೆ. ಓಡಾಟ ಕಡಿಮೆ ಮಾಡಿದಾಗ ಅವರು ಆ ಕಾರನ್ನು ಬೇರೆ ಯಾರಿಗೂ ಕೊಡದೆ ನನಗೇ ಕೊಟ್ಟರು. ಸೈರನ್ ಮಾತ್ರ ಅಷ್ಟು ಹೊತ್ತಿಗೆ ಕೆಟ್ಟು ಮೂಕವಾಗಿತ್ತು. ಅಷ್ಟರಲ್ಲಿ ಕಾರುಗಳು ಎಲ್ಲವನ್ನೂ ಕಂಪನಿಯಿಂದಲೇ ಹೊತ್ತು ಬರತೊಡಗಿದ್ದವು. ಟೇಪಿನಣ್ಣನ ಗೂಡಿನ ಬಾಗಿಲು ಮುಚ್ಚಿತು. ಒಮ್ಮೆ ಹಿರಿಯೂರಿಗೆ ಹೋದವನು ಹಾಗೇ ಹರಿಯಬ್ಬೆಗೆ ಕಾರು ತಿರುಗಿಸಿದೆ. ಸಂಜೆಯ ಹೊತ್ತು. ಕುರಿಗಳು ಹಟ್ಟಿಗೆ ಬರುತ್ತಿದ್ದವು. ಅವನು ಬಾಗಿಲಲ್ಲಿ ನಿಂತು ಎಣಿಸುತ್ತಿದ್ದ. ನನ್ನನ್ನು ನೋಡಿ ಮುಖ ಅರಳಿತು, ಆದರೆ ಎಣಿಕೆ ಬಿಡದೆ ಅಂಗೈ ತೋರಿಸಿ ನಿಲ್ಲು ಅಂದ. ಕೊನೆಯ ಮರಿ ಒಳಗೆ ಹೋದ ಮೇಲೆ ಬಂದು ತಬ್ಬಿಕೊಂಡ. "ಕೈ ಮುಗಿಬ್ಯಾಡಪ್ಪ, ಕುರಿ ಬೆದರ್ತಾವೆ" ಅಂದ. ಇಬ್ಬರೂ ನಕ್ಕೆವು. ಮತ್ತೆ ಬರುತ್ತೇನೆ ಅಂದು ಬಂದೆ... ಬರುತ್ತೇನೆ ಅನ್ನುವುದು ಎಷ್ಟು ಸುಲಭದ ಮಾತು. ಎರಡು ವರ್ಷ ಬಿಟ್ಟು ಹೋದಾಗ ಅವನ ತಮ್ಮ ಹೊರಗೆ ಬಂದು, "ಅಣ್ಣ ಹೋಗಿ ಮೂರು ತಿಂಗಳಾತು, ಬರ್ರಿ, ಕುಂತ್ಕಳ್ರಿ" ಅಂದ. ನನಗೆ ಕೂರಲಾಗಲಿಲ್ಲ.

ಹೊಸದುರ್ಗದ ಅಂಗಡಿಯವನು ಒಳ್ಳೆಯವನು. ಉಣ್ಣೆ ಕಟ್ಟಿದ್ದರಿಂದ ಯಾವ ತಂತಿ ಯಾವುದು ಅಂತ ಒಂದೇ ನೋಟಕ್ಕೆ ತಿಳಿಯಿತು, ಅರ್ಧ ದಿನದ ಕೆಲಸ ಗಂಟೆಯಲ್ಲಿ ಮುಗಿಯಿತು ಅಂದ. ಯಾರ್ ಸರ್ ಆತ, ಒಂದ್ಸಲ ಭೇಟಿ ಮಾಡಿಸ್ರಿ ಅಂದ. ನಾನು ಸ್ಟೇರಿಂಗ್ ಮೇಲೆ ಹೆಬ್ಬೆರಳು ಇಟ್ಟು ಒತ್ತಿದೆ. ದನಿ ಏರಿತು, ಇಳಿಯಿತು. ಅವನು ಡ್ಯಾಶ್‌ಬೋರ್ಡ್ ಮುಚ್ಚಲು ಹೋದ. ತಡಿಯಪ್ಪ ಅಂದು, ಟಾರ್ಚ್ ಈಸಿಕೊಂಡು ಬಗ್ಗಿ, ಗಂಟುಗಳನ್ನು ಒಂದೊಂದೇ ಮುಟ್ಟಿ ಎಣಿಸಿದೆ.

ಹದಿನಾಲ್ಕೂ ಇದ್ದವು. ಎಣಿಸಿ ಬಿಟ್ಟವನೇ ಇರಲಿಲ್ಲ.