ಕೊಲೋನಿನ ಮೂವರು ರಾಯರು ಮತ್ತು ನಮ್ಮ ಶುಕ್ರವಾರ

ಬಹರೈನಿನಲ್ಲಿ ನಮ್ಮ ಆದಿತ್ಯವಾರ ಶುಕ್ರವಾರಕ್ಕೇ ಬರುತ್ತದೆ. ರಜೆ ಅಂದು, ಹಾಗಾಗಿ ಮಂಗಳೂರು ಕಡೆಯ ನಮ್ಮಂಥ ಕ್ಯಾಥೊಲಿಕ್ ಕುಟುಂಬಗಳು ವಾರದ ಬಲಿಪೂಜೆಗೆ ಮನಾಮಾದ ಚರ್ಚಿಗೆ ಹೋಗುವುದೂ ಅಂದೇ. ಆದಿತ್ಯವಾರ ಬೆಳಿಗ್ಗೆ ಎಲ್ಲರಿಗೂ ಆಫೀಸು. ವರ್ಷಗಟ್ಟಲೆ ಹೀಗೆ ಬದುಕಿದರೆ ತಲೆಯೊಳಗಿನ ಕ್ಯಾಲೆಂಡರ್ ಕೆಟ್ಟುಹೋಗುತ್ತದೆ. ನನ್ನ ಗಂಡನದ್ದು ರಿಪೇರಿಯಾಗದಷ್ಟು ಕೆಟ್ಟಿದೆ.

ಇವರು ಅವಾಲಿಯ ಎಣ್ಣೆ ಕಂಪೆನಿಯಲ್ಲಿ ಇಂಜಿನಿಯರ್. ಯಂತ್ರಗಳನ್ನು ರಿಪೇರಿಗೆ ನಿಲ್ಲಿಸುವಾಗ ಯಾವ ಗಂಟೆಗೆ ಯಾವ ಕೆಲಸ ಎಂದು ಪ್ಲ್ಯಾನ್ ಹಾಕುವುದು ಇವರ ಉದ್ಯೋಗ. ಜರ್ಮನಿಯ ಕೊಲೋನ್ ಪ್ರವಾಸಕ್ಕೂ ಅಂಥದ್ದೇ ಒಂದು ಪ್ಲ್ಯಾನ್ ತಯಾರಾಯಿತು. ರೈನ್ ನದಿಯಲ್ಲಿ ದೋಣಿ, ಚಾಕೊಲೇಟ್ ಮ್ಯೂಸಿಯಂ, ಪ್ರೇಮಿಗಳು ಬೀಗ ಜಡಿಯುವ ಸೇತುವೆ, ರೋಮನ್ನರು ಬಿಟ್ಟುಹೋದ ಚಿತ್ತಾರದ ನೆಲ. ಬಾತ್‌ರೂಮಿಗೆ ಹೋಗುವ ಸಮಯ ಒಂದನ್ನು ಮಾತ್ರ ನಮ್ಮ ಇಷ್ಟಕ್ಕೆ ಬಿಟ್ಟಿದ್ದರು.

ಅತ್ತೆಗೆ ಇದ್ಯಾವುದೂ ಬೇಕಿರಲಿಲ್ಲ. ಬಾಲ ಏಸುವನ್ನು ನೋಡಲು ನಕ್ಷತ್ರದ ಹಿಂದೆ ನಡೆದ ಮೂವರು ರಾಯರ ಮೂಳೆಗಳು ಕೊಲೋನಿನ ಕೆಥೆಡ್ರಲಿನಲ್ಲಿ ಬಂಗಾರದ ಪೆಟ್ಟಿಗೆಯೊಳಗೆ ಇವೆಯಂತೆ. ದೂರ ಪ್ರಯಾಣ ಹೋದವರನ್ನು ಕಾಯುವವರು ಅವರು. ಮಾವ ಹಡಗಿನಲ್ಲಿ ಕೆಲಸಕ್ಕಿದ್ದಷ್ಟು ಕಾಲ ಅತ್ತೆ ಅವರಿಗೇ ಹರಕೆ ಹೊತ್ತಿದ್ದರು. ಒಂದು ಸಲ ಆ ಪೆಟ್ಟಿಗೆಯ ಎದುರು ನಿಂತು ಕೈ ಮುಗಿಯಬೇಕು, ಅಷ್ಟೇ ಅವರ ಜರ್ಮನಿ.

ಇಂಥ ಕೆಥೆಡ್ರಲನ್ನು ಇವರು ಕೊನೆಯ ದಿನ, ಆದಿತ್ಯವಾರ ಬೆಳಿಗ್ಗೆಗೆ ಹಾಕಿದರು. ಯಾಕೆ ಎಂದು ಕೇಳಿದೆ.

"ಆದಿತ್ಯವಾರ ಚರ್ಚಲ್ಲಿ ಜನ ಇರುವುದಿಲ್ಲ ಮಾರಾಯ್ತಿ. ಅಮ್ಮ ಆರಾಮಲ್ಲಿ ನೋಡಬಹುದು," ಎಂದರು.

ನಾನು ತಲೆಯಾಡಿಸಿದೆ. ಅತ್ತೆಯೂ ಆಡಿಸಿದರು. ಮನೆಯಲ್ಲಿ ಮೂರು ಮೂರು ಕ್ಯಾಥೊಲಿಕರಿದ್ದು ಒಬ್ಬರಿಗೂ ಹೊಳೆಯಲಿಲ್ಲ. ಎಂಥ ಕರ್ಮ.

ಕೊಲೋನಿಗೆ ಇಳಿದ ಶುಕ್ರವಾರವೇ ಇವರು ನಮ್ಮನ್ನು ಒಂದು ಸಣ್ಣ ಚರ್ಚಿಗೆ ಎಳೆದುಕೊಂಡು ಹೋಗಿ ವಾರದ ಪೂಜೆ ಮುಗಿಸಿಬಿಟ್ಟರು. ಒಳಗೆ ನಾಲ್ಕೈದು ಮುದುಕಿಯರಿದ್ದರು ಅಷ್ಟೇ. "ಈ ದೇಶದಲ್ಲಿ ಭಕ್ತಿಯೇ ಇಲ್ಲ," ಎಂದು ಇವರು ಗೊಣಗಿದರು. ಶನಿವಾರ ಪೂರ್ತಿ ಮ್ಯೂಸಿಯಂ, ದೋಣಿ, ಸೇತುವೆ. ಕೆಥೆಡ್ರಲಿನ ಎರಡು ಗೋಪುರಗಳು ಹೋದಲ್ಲೆಲ್ಲ ಕಾಣುತ್ತಿದ್ದವು. ಅತ್ತೆ ಕುಂಟುತ್ತ ಅತ್ತ ಕಡೆಯೇ ನೋಡುತ್ತಿದ್ದರು. ಒಳಗೆ ಹೋಗಿ ಬರುವ ಎಂದರೆ ಫೋನಿನಲ್ಲಿದ್ದ ಪ್ಲ್ಯಾನ್ ತೋರಿಸಿ ಇವರದ್ದು ಒಂದೇ ಉತ್ತರ, ಅದು ನಾಳೆಗೆ ಇದೆ. ನನಗೆ ಆ ಫೋನನ್ನು ನದಿಗೆ ಎಸೆಯುವಷ್ಟು ಸಿಟ್ಟು ಬಂದಿತ್ತು.

ಆದಿತ್ಯವಾರ ಹೋದರೆ ಬಾಗಿಲಲ್ಲಿ ಕೆಂಪು ನಿಲುವಂಗಿಯವನೊಬ್ಬ ನಿಂತಿದ್ದ. ಒಳಗೆ ಪೂಜೆ, ನೋಡಲು ಬಂದವರಿಗೆ ಮಧ್ಯಾಹ್ನದ ಮೇಲೆಯೇ ಪ್ರವೇಶ, ಎಂದ. ನಮ್ಮ ರೈಲು ಮಧ್ಯಾಹ್ನಕ್ಕೇ. ಇವರು ಕೊರಳಿಗೆ ಕ್ಯಾಮೆರಾ ನೇತುಹಾಕಿಕೊಂಡು, ನಾವು ಒಳ್ಳೆಯ ಕ್ಯಾಥೊಲಿಕರು, ವಾರದ ಪೂಜೆ ಶುಕ್ರವಾರವೇ ಮುಗಿಸಿದ್ದೇವೆ ಎಂದು ಅವನಿಗೆ ಇಂಗ್ಲಿಷಿನಲ್ಲಿ ವಿವರಿಸಿದರು. ಅವನು ಇವರನ್ನು ನೋಡಿದ ನೋಟಕ್ಕೆ ನಾನು ನಾಚಿ ನೆಲ ನೋಡಿದೆ.

ಅತ್ತೆ ತಲೆಗೆ ಸೆರಗು ಹೊದ್ದು ಜಪಮಾಲೆ ತೋರಿಸಿದರು. ಅವನು ತಕ್ಷಣ ದಾರಿ ಬಿಟ್ಟ. ನಾನೂ ಅವರ ಹಿಂದೆ ನುಸುಳಿದೆ. ಆದರೆ ಪೆಟ್ಟಿಗೆ ಇರುವುದು ಪೀಠದ ಹಿಂದೆ, ಪೂಜೆಯ ಹೊತ್ತಿನಲ್ಲಿ ಅದರ ಹತ್ತಿರ ಯಾರನ್ನೂ ಬಿಡುವುದಿಲ್ಲ. ಕಂಬದ ಪಕ್ಕದಿಂದ, ತುಂಬಿದ ಜನರ ತಲೆಗಳ ಮೇಲಿಂದ, ಬಹಳ ದೂರದಲ್ಲಿ ಏನೋ ಹಳದಿಯಾಗಿ ಮಿನುಗಿದ್ದು ಕಂಡಿತು. ಅದು ಪೆಟ್ಟಿಗೆಯೋ ದೀಪವೋ ಗೊತ್ತಾಗಲಿಲ್ಲ. ಪೂಜೆ ಮುಗಿಯುವ ಮೊದಲೇ, ಹೊರಗೆ ಉಳಿದಿದ್ದ ಇವರ ಕರೆ ಬಂದು ನನ್ನ ಫೋನು ಚೀಲದಲ್ಲಿ ಗುರುಗುಟ್ಟತೊಡಗಿತು. ರೈಲಿಗೆ ಓಡಿದೆವು.

ಮುಂದಿನ ಶುಕ್ರವಾರ ಮನಾಮಾದ ಚರ್ಚಿನ ಅಂಗಳದಲ್ಲಿ ಇವರು ಪರಿಚಯದವರಿಗೆಲ್ಲ ಫೋಟೋ ತೋರಿಸುತ್ತಿದ್ದರು. ಸೇತುವೆಯ ಬೀಗಗಳು, ಚಾಕೊಲೇಟಿನ ಕಾರಂಜಿ, ಹೊರಗಿನಿಂದ ಕೆಥೆಡ್ರಲ್.

"ಒಳಗಿಂದು ಬಾಕಿ. ಬರುವ ವರ್ಷ ಶನಿವಾರಕ್ಕೇ ಹಾಕ್ತೇನೆ. ಅಮ್ಮನಿಗೆ ಹತ್ತಿರದಿಂದ ತೋರಿಸ್ಬೇಕು," ಎಂದರು.

ಅತ್ತೆ ಮೆಟ್ಟಿಲ ಮೇಲೆ ಕೂತು ಮಂಡಿ ನೀವಿಕೊಳ್ಳುತ್ತಿದ್ದರು.

"ನೀವಿಬ್ಬರು ಹೋಗಿ ಬನ್ನಿ ಮಗಾ," ಎಂದರು, ಮುನಿಸಿಲ್ಲದೆ. "ನನ್ನ ಕಾಲು ಇನ್ನು ಅಷ್ಟು ದೂರ ಬರುವುದಿಲ್ಲ. ಈ ಸಲವೇ ಕಷ್ಟದಲ್ಲಿ ಬಂದದ್ದು."

ಇವರು ಫೋನನ್ನು ಜೇಬಿಗೆ ಹಾಕಿಕೊಂಡರು. ವಾರವಿಡೀ ನಾನು ಬೈದದ್ದು ಯಾವುದೂ ಇವರಿಗೆ ತಾಗಿರಲಿಲ್ಲ. ಇದು ತಾಗಿತು.