ಮುಂದಿನ ಗಾಡಿಯ ಬ್ರೇಕ್ ಲೈಟು

ನನ್ನ ಅಣ್ಣ ಸುಳ್ಳು ಹೇಳುತ್ತಿದ್ದಾನೆ ಎಂದು ನನಗೆ ಮೊದಲು ಅನ್ನಿಸಿದ್ದು ಅವನ ಗೆಳೆಯನ ತಿಥಿಯ ದಿನ. ಇಬ್ಬರೂ ಲಾರಿ ಡ್ರೈವರುಗಳು. ಚನ್ನರಾಯಪಟ್ಟಣ ದಾಟಿ ಹೈವೇಯಲ್ಲಿ ಬೆಂಗಳೂರಿನ ಕಡೆ ಹೋಗುವಾಗ ಅಣ್ಣ ಬ್ರೇಕ್ ಹಾಕಿದ್ದ, ಹಿಂದೆ ಬರುತ್ತಿದ್ದ ಗೆಳೆಯನ ಲಾರಿ ಬಂದು ಗುದ್ದಿತ್ತು, ಗೆಳೆಯ ಸೀಟಿನಲ್ಲೇ ಹೋಗಿಬಿಟ್ಟಿದ್ದ. ಯಾಕೆ ಬ್ರೇಕ್ ಹಾಕಿದೆ ಎಂದು ಪೊಲೀಸರು ಕೇಳಿದಾಗ ನಾಯಿ ಅಡ್ಡ ಬಂತು ಎಂದಿದ್ದ. ನಮ್ಮವ್ವನ ಹತ್ತಿರ ಎಮ್ಮೆ ಕರು ಎಂದಿದ್ದ. ತಿಥಿಯ ಪಂಕ್ತಿಯಲ್ಲಿ ಯಾರೋ ಮತ್ತೆ ಕೇಳಿದರೆ, ಡಿವೈಡರ್ ಸಂದಿಯಿಂದ ಬೈಕಿನವನೊಬ್ಬ ನುಗ್ಗಿದ ಎಂದ. ಸಾರು ಬಡಿಸುತ್ತಿದ್ದ ನನ್ನ ಕೈ ಅಲ್ಲೇ ನಿಂತಿತು.

ಅನುಮಾನ ನನ್ನ ಹುಟ್ಟುಗುಣ. ಹಾಸನದಲ್ಲಿ ರವಿಕೆ ಹೊಲಿಯುವ ಅಂಗಡಿ ಇಟ್ಟುಕೊಂಡಿದ್ದೇನೆ. ಬಟ್ಟೆ ತಂದವರು ಇದು ಅಪ್ಪಟ ರೇಷ್ಮೆ ಎಂದರೆ ಒಂದು ಎಳೆ ಕಿತ್ತು ಸುಟ್ಟು ಮೂಸಿ ನೋಡುವವಳು ನಾನು. ಗಂಡನ ಮಾತನ್ನೂ ಹಾಗೇ ಮೂಸುತ್ತೇನೆ ಎಂದು ಮನೆಯವರು ಆಡಿಕೊಳ್ಳುತ್ತಾರೆ. ‘ಮೊಸ್ರಲ್ ಕಲ್ಲುಡುಕೋಳು ಕಣವ್ವ ನೀನು’ ಎನ್ನುವುದು ಅವ್ವನ ಮಾತು. ಇರಲಿ. ಕಲ್ಲು ಇದ್ದರೆ ತಾನೇ ಹುಡುಕುವವರಿಗೆ ಸಿಗುವುದು? ಆದರೆ ಅಣ್ಣನ ವಿಷಯದಲ್ಲಿ ಕಲ್ಲು ಸಿಗದಿದ್ದರೆ ಸಾಕು ಎಂದು ನಾನೇ ಬೇಡಿಕೊಂಡೆ.

ಊರಿನಲ್ಲಿ ಮಾತು ಬೇರೆಯೇ ಇತ್ತು. ನಮ್ಮದು ಹಳ್ಳಿಮೈಸೂರಿನ ಕಡೆ. ಆ ಇಬ್ಬರೂ ಒಂದೇ ಬೀದಿಯವರು, ಅರಕಲಗೂಡಿನಲ್ಲಿ ಶುಂಠಿ ತುಂಬಿಸಿಕೊಂಡು ಹೊಳೆನರಸೀಪುರದ ಮೇಲೆ ಜೋಡಿಯಾಗಿಯೇ ಹೊರಡುತ್ತಿದ್ದರು. ಶುಂಠಿ ತೊಳೆಯುವ ಶೆಡ್ಡಿನಲ್ಲಿ ಯಾರ ಗಾಡಿ ಮೊದಲು ತುಂಬುತ್ತದೋ ಅವರದು ದಾರಿಯುದ್ದಕ್ಕೂ ಮುಂದು. ಹಿಂದಿನವನು ಮುಂದಿನವನ ಬಾಲ ಬಿಡುವಂತಿಲ್ಲ. ಬೆಂಗಳೂರಿನ ಮಂಡಿಯ ಗೇಟಿನೊಳಗೆ ಬಂದ ಸರದಿಯಲ್ಲೇ ಲೋಡು ಇಳಿಸುತ್ತಾರಾದ್ದರಿಂದ, ನಡುವೆ ಬೇರೆ ಗಾಡಿ ನುಗ್ಗಿದರೆ ಜೋಡಿ ಒಡೆದು ಒಬ್ಬ ಇನ್ನೊಬ್ಬನಿಗಾಗಿ ದಿನವಿಡೀ ಕಾಯಬೇಕು. ಸ್ವಲ್ಪ ಜಾಗ ಬಿಟ್ಟು ಓಡಿಸಬಾರದೇ ಎಂದು ನಾನು ಹಿಂದೊಮ್ಮೆ ಕೇಳಿದ್ದಕ್ಕೆ ಆ ಗೆಳೆಯ ನಕ್ಕಿದ್ದ. ‘ಜಾಗ ಬುಟ್ರೆ ಕಾರ್‌ನೋರು ಸುಮ್ಕಿರ್ತಾರೇನಕ್ಕ? ಬಂದು ತಲೆ ತೂರ್ಸ್ತಾರೆ. ನಿಮ್ಮಣ್ಣನ್ ಬೆನ್ನೇ ನಂಗೆ ರೋಡು.’

ಅಪಘಾತದ ದಿನ ಬೆಳಿಗ್ಗೆ ಶೆಡ್ಡಿನಲ್ಲಿ ಸರದಿ ಗೆಳೆಯನದಾಗಿತ್ತಂತೆ. ಅಣ್ಣ ಗಾಡಿ ತಂದು ಅಡ್ಡ ನಿಲ್ಲಿಸಿ ತಾನೇ ಮೊದಲು ತುಂಬಿಸಿಕೊಂಡನಂತೆ. ಇಬ್ಬರಿಗೂ ಮಾತಿಗೆ ಮಾತು ಬೆಳೆದು, ಅಲ್ಲಿದ್ದವರು ಬಿಡಿಸಬೇಕಾಯಿತಂತೆ. ‘ಬೇಕಂತ್ಲೇ ಒತ್ತವ್ನೆ ಬ್ರೇಕ’ ಎಂದು ಟೀ ಅಂಗಡಿಯಲ್ಲಿ ಆಡಿಕೊಂಡಿದ್ದು ನನ್ನ ಕಿವಿಗೂ ಬಿತ್ತು. ಊರ ಬಾಯಿಗೆ ಕಟ್ಟಲು ಬಟ್ಟೆ ಎಲ್ಲಿದೆ? ಕಾನೂನಿನ ಪ್ರಕಾರ ಹಿಂದಿನಿಂದ ಗುದ್ದಿದವನದೇ ತಪ್ಪು, ಅಂತರ ಬಿಡಬೇಕಿತ್ತು ಎಂದು ಬರೆದು ಪೊಲೀಸರು ಮುಗಿಸಿದ್ದರು. ನನಗೆ ಮುಗಿದಿರಲಿಲ್ಲ. ನಾಯಿ, ಕರು, ಬೈಕು. ನಿಜ ಹೇಳುವವನಿಗೆ ಒಂದು ಸಾಕಲ್ಲ?

ಇನ್ನೊಂದು ಅನುಮಾನವೂ ನನ್ನನ್ನು ತಿನ್ನುತ್ತಿತ್ತು. ಸತ್ತವನ ಹೆಂಡತಿ ಏನನ್ನೂ ಕೇಳಲಿಲ್ಲ. ಗಂಡನನ್ನು ಕಳೆದುಕೊಂಡವಳು ಅಣ್ಣನ ಅಂಗಿ ಹಿಡಿದು ಜಗ್ಗಬೇಕಿತ್ತು, ಬೈಯಬೇಕಿತ್ತು. ಅವಳು ಅಣ್ಣ ಬಂದರೆ ಒಳಗೆ ಹೋಗಿಬಿಡುತ್ತಿದ್ದಳು. ಅವಳಿಗೂ ಏನೋ ಗೊತ್ತಿದೆ, ಇಟ್ಟುಕೊಂಡಿದ್ದಾಳೆ, ಒಂದು ದಿನ ಎಲ್ಲರೆದುರು ಎತ್ತಿ ಹಾಕುತ್ತಾಳೆ ಎಂದು ನಾನು ಹೆದರಿದೆ. ಅಣ್ಣನನ್ನು ಕೊಲೆಗಾರ ಎಂದು ಅವಳ ಬಾಯಿಂದ ಕೇಳುವ ಮೊದಲು ಅವನ ಬಾಯಿಂದಲೇ ನಿಜ ಹೊರಡಿಸಬೇಕು ಎಂದು ತೀರ್ಮಾನಿಸಿದೆ.

ಬೇಸಿಗೆಯ ಒಂದು ಮಧ್ಯಾಹ್ನ ಅಣ್ಣ ಹಾಸನದಲ್ಲಿ ಲೋಡು ಇಳಿಸಿ ಖಾಲಿ ಗಾಡಿಯಲ್ಲಿ ಊರಿಗೆ ಹೊರಟಿದ್ದ. ಬಸ್ಸಿಗೆ ಹೋಗುವ ಬದಲು ಅವನ ಪಕ್ಕ ಹತ್ತಿ ಕುಳಿತೆ. ಹಾಸನ ದಾಟಿ ಹೊಳೆನರಸೀಪುರದ ರಸ್ತೆ ಹಿಡಿದ ಮೇಲೆ ಮಾತು ತೆಗೆಯೋಣ ಎಂದುಕೊಂಡೆ. ಅಷ್ಟರಲ್ಲಿ ಬಿಳಿ ಕಾರೊಂದು ಹಿಂದೆ ಬಿತ್ತು. ನನ್ನ ಕಡೆಯ ಕನ್ನಡಿಯಲ್ಲಿ ಅದರ ಮೂತಿ ನಮ್ಮ ಹಿಂಬದಿಗೇ ಅಂಟಿಕೊಂಡಂತೆ ಕಾಣುತ್ತಿತ್ತು. ಅಣ್ಣ ಕನ್ನಡಿ ನೋಡಿದ, ಬೈದುಕೊಂಡ, ಬ್ರೇಕನ್ನು ಪಾದದ ತುದಿಯಿಂದ ಹಾಗೆ ಮುಟ್ಟಿ ಬಿಟ್ಟ. ಗಾಡಿ ನಿಧಾನವಾಗಲಿಲ್ಲ, ಹಿಂದಿನ ದೀಪ ಉರಿದಿರಬೇಕು. ಕಾರಿನವನು ಬೆದರಿ ಹಿಂದೆ ಸರಿದ.

ಮುಂದೆ ರಸ್ತೆ ಖಾಲಿ ಇತ್ತು. ನಾಯಿ ಇರಲಿಲ್ಲ, ಕರು ಇರಲಿಲ್ಲ.

ನಾನು ಅಣ್ಣನ ಮುಖ ನೋಡಿದೆ. ತಾನೇನು ಮಾಡಿದೆ ಎಂದು ಅವನಿಗೂ ಆಗಲೇ ಹೊಳೆದಿರಬೇಕು. ಗಾಡಿಯನ್ನು ರಸ್ತೆಯ ಪಕ್ಕಕ್ಕೆ ಇಳಿಸಿ ಎಂಜಿನ್ ಆರಿಸಿದ.

‘ಅವತ್ತೂ ಇಂಗೇ ಮಾಡ್ದಾ ಅಣ್ಣ?’ ಎಂದು ಕೇಳಿದೆ.

‘ದಿನಾ ಮಾಡ್ತಿದ್ದೆ ಕಣಮ್ಮಿ. ತೀರಾ ಅತ್ರ ಬಂದ್ರೆ ಲೈಟ್ ತೋರ್ಸೋದು, ದೂರ ಓಗ್ಲಾ ಅಂತ. ಅವ್ನೂ ಆರನ್ ಒಡ್ದು ಇಂದಕ್ಕೋಯ್ತಿದ್ದ. ಅವತ್ತು ಎರಡ್ನೇ ಸಲಕ್ಕೆ ಕಾಲು ಜೋರಾಗ್ ಬಿತ್ತು.’

‘ಕೋಪದಲ್ಲಾ?’

ಅವನು ಕೀಲಿ ಕಿತ್ತು ಅಂಗೈಯಲ್ಲಿ ಹಿಡಿದುಕೊಂಡ. ಆಮೇಲೆ, ‘ಬೆಳಿಗ್ಗೆ ಜಗ್ಳ ಆಡಿದ್ವಲ್ಲ. ಕೋಪ ಇತ್ತೋ ಇಲ್ವೋ ನಂಗೇ ಗೊತ್ತಿಲ್ಲ. ಅದ್ನ ಯಾರ್ಗೇಳ್ಲಿ? ನಾಯಿ ಅಂದೆ’ ಎಂದ.

ಕಲ್ಲು ಸಿಕ್ಕಿತ್ತು. ಅದನ್ನು ಎಲ್ಲಿ ಉಗಿಯಬೇಕೆಂದು ನನಗೆ ತಿಳಿಯಲಿಲ್ಲ. ನನಗೆ ಅವನ ಮೇಲೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚಾಗಿ ಅಯ್ಯೋ ಅನ್ನಿಸಿತು. ಇಷ್ಟು ತಿಂಗಳು ಒಳಗೇ ಇಟ್ಟುಕೊಂಡು ಅದೇ ಸೀಟಿನಲ್ಲಿ ಕುಳಿತು ಅದೇ ಬ್ರೇಕು ಒತ್ತಿದ್ದಾನಲ್ಲ. ‘ಅವ್ನ್ ಎಂಡ್ತಿಗ್ ಏಳು, ಬೇರೆ ಯಾರ್ಗೂ ಏಳ್ದಿದ್ರೂ ಪರ್ವಾಗಿಲ್ಲ’ ಎಂದೆ. ನಾನೂ ಜೊತೆಗೆ ಬರುತ್ತೇನೆ ಎಂದು ಹೇಳಿದ ಮೇಲೆ ಅಣ್ಣ ಗಾಡಿ ಸ್ಟಾರ್ಟ್ ಮಾಡಿದ.

ಅವಳು ಹಿತ್ತಿಲಿನಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಅಣ್ಣನನ್ನು ನೋಡಿ ಎಂದಿನಂತೆ ಎದ್ದು ಒಳಗೆ ಹೊರಟವಳನ್ನು ನಾನು ಕೈ ಹಿಡಿದು ಕೂರಿಸಿದೆ. ಅಣ್ಣ ನಿಂತುಕೊಂಡೇ ಹೇಳಿದ. ಸರದಿ ತಪ್ಪಿಸಿದ್ದು, ಜಗಳ, ಬ್ರೇಕು, ನಾಯಿ ಇರಲಿಲ್ಲ ಎನ್ನುವುದು, ಏನನ್ನೂ ಬಿಡಲಿಲ್ಲ. ಬೈದರೆ ಬೈಯಲಿ, ಹೊಡೆದರೆ ಹೊಡೆಯಲಿ ಎಂದು ನಾನು ಕಲ್ಲಾಗಿ ಕುಳಿತಿದ್ದೆ.

ಅವಳು ತಲೆ ಎತ್ತಲಿಲ್ಲ. ‘ನಾಯಿ ಇರ್ಲಿಲ್ಲ ಅಂತ ನಂಗೊತ್ತಿತ್ತು ಅಣ್ಣ’ ಎಂದಳು.

ಇಬ್ಬರೂ ಬೆಚ್ಚಿದೆವು. ಅವಳೇ ಮುಂದುವರಿಸಿದಳು: ‘ಅವ್ರು ಫೋನಲ್ಲಿ ನನ್ ಜೊತೇನೇ ಮಾತಾಡ್ತಿದ್ರು. ಫೋನ್ ಮಾಡಿದ್ದು ನಾನೇ. ಗಾಡಿ ಓಡುಸ್ತಾ ಇರೋರ್‌ಗೆ, ನಾಳಿಕ್ ಬತ್ತಾ ಮಗೀಗೆ ಚಪ್ಲಿ ತನ್ನಿ, ಅಳತೆ ಇಂಗೈತೆ ಅಂತ ಏಳ್ತಾ ಕುಂತಿದ್ದೆ. ಫೋನ್ ಮಡ್ಗಿ ಅನ್ಲಿಲ್ಲ ನಾನು. ಜನ ನಿಮ್ನ ಬೈವಾಗ ಸುಮ್ಕಿದ್ದೆ. ನಿಮ್ ಮುಖ ಎಂಗ್ ನೋಡ್ಲಿ?’

ಅವಳು ಒಳಗೆ ಹೋಗುತ್ತಿದ್ದುದು ಇದಕ್ಕೆ. ನಾನು ಅದನ್ನು ಏನೇನೋ ಅಂದುಕೊಂಡಿದ್ದೆ. ಅಣ್ಣ ಮೆಲ್ಲಗೆ ಅವಳೆದುರು ನೆಲದ ಮೇಲೆ ಕುಳಿತ. ನಿನ್ನ ತಪ್ಪಲ್ಲ ಎಂದೂ ಹೇಳಲಿಲ್ಲ, ತನ್ನದು ಎಂದೂ ಹೇಳಲಿಲ್ಲ.

‘ಕೊನೇಗ್ ಏನಂದ?’ ಎಂದು ಕೇಳಿದ.

‘ತಡಿಯೇ, ಅಣ್ಣ ದಿನದಂಗೆ ಲೈಟ್ ತೋರುಸ್ತಾವ್ನೆ, ಕೋಪ ಇಳ್ದದೆ ಅನ್ಸುತ್ತೆ ಅಂದ್ರು.’

‘ಬೈಕೊಂಡು ಅಂದ್ನಾ?’

‘ಇಲ್ಲ ಅಣ್ಣ. ನಗ್ತಿದ್ರು.’